ತಂಪು ಎಂದು ಬರೆದೆ

ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಲ್ಯಾಬಿನಲ್ಲಿ ಅದೇ ಕೋಪಕ್ಕೆ ಶಿಸ್ತು ಎಂಬ ಒಳ್ಳೆಯ ಹೆಸರು ಸಿಕ್ಕಿತ್ತು. ಸೀಸೆಯ ಮೇಲೆ ಚೀಟಿಯನ್ನು ಓರೆಯಾಗಿ ಅಂಟಿಸಿದವರಿಗೆ, ವಯಸ್ಸಿನ ಜಾಗದಲ್ಲಿ ಊರು ಬರೆದವರಿಗೆ, ರಬ್ಬರಿನ ಬಿರಡೆಯನ್ನು ಅರ್ಧ ಒತ್ತಿ ಬಿಟ್ಟವರಿಗೆ ನಾನು ಮುಖ ಮೂತಿ ನೋಡದೆ ಬಯ್ಯುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರಿಗೂ ಬಯ್ದದ್ದುಂಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ತಪ್ಪನ್ನು ಮಾಡಿದವಳು ಯಾರೋ ಉಡಾಫೆಯ ಹುಡುಗಿ ಎಂದು ಓದುವವರು ತಿಳಿಯಬಾರದು. ಎಲ್ಲರ ತಪ್ಪು ಹಿಡಿಯುತ್ತಿದ್ದ ನಾನೇ ಅದನ್ನು ಮಾಡಿದ್ದು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಣಿಪಾಲದ ಗುಡ್ಡದ ಮೇಲೆ ಒಂದು ಚಿಕ್ಕ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. ಕಾರ್ಕಳದ ಪಕ್ಕದ ಕುಕ್ಕುಂದೂರಿನ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದೆ. ಕೆಮ್ಮು, ಜ್ವರ, ಏದುಸಿರು ಬಂದ ಸಣ್ಣ ಮಕ್ಕಳ ಗಂಟಲಿನಿಂದ ಮಾದರಿ ತೆಗೆದು ತಂದು, ಅದರಲ್ಲಿ ಯಾವ ವೈರಸ್ ಇದೆ ಎಂದು ಪತ್ತೆ ಹಚ್ಚುವುದು ನಮ್ಮ ಕೆಲಸ. ಲ್ಯಾಬನ್ನು ನಡೆಸುತ್ತಿದ್ದ ಡಾಕ್ಟರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಗಾಜಿನ ಟ್ಯೂಬುಗಳಲ್ಲಿ ಜೀವಕೋಶಗಳ ತೆಳುವಾದ ಪದರವನ್ನು ಬೆಳೆಸುತ್ತಿದ್ದರು. ಬೆಳೆಸುವುದು ಎಂದರೆ ಬಾಣಂತನದ ಹಾಗೆಯೇ, ಹೊತ್ತು ಹೊತ್ತಿಗೆ ಆಹಾರ, ಹೊತ್ತು ಹೊತ್ತಿಗೆ ಶುಚಿ, ಸರಿಯಾದ ಬಿಸಿ. ನಾವು ತಂದ ಮಾದರಿಯ ಹನಿಯನ್ನು ಆ ಪದರದ ಮೇಲೆ ಬಿಟ್ಟು ಕಾಯಬೇಕು. ವೈರಸ್ ಜೀವಂತವಾಗಿದ್ದರೆ ಕೆಲವು ದಿನಗಳಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಉಬ್ಬುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಕಂಡ ದಿನ ಮೇಡಂ ಎಲ್ಲರಿಗೂ ಕಾಫಿ ತರಿಸುತ್ತಿದ್ದರು. ವೈರಸ್ ದಾರಿಯಲ್ಲೇ ಸತ್ತಿದ್ದರೆ ಏನೂ ಆಗುವುದಿಲ್ಲ, ಪದರ ಹಾಗೆಯೇ ಇರುತ್ತದೆ.

ಆದ್ದರಿಂದ ಇಡೀ ಕೆಲಸ ಒಂದೇ ವಿಷಯದ ಮೇಲೆ ನಿಂತಿತ್ತು. ಮಗುವಿನ ಗಂಟಲು ಬಿಟ್ಟ ಮೇಲೆ ಮಣಿಪಾಲ ಮುಟ್ಟುವವರೆಗೆ ಮಾದರಿ ತಂಪಾಗಿರಬೇಕು. ಬಿಸಿಯಾದರೆ ವೈರಸ್ ಸಾಯುತ್ತದೆ. ಹೆಪ್ಪುಗಟ್ಟಿದರೂ ಸಾಯುತ್ತದೆ. ಮೊದಲನೆಯದು ಯಾರಿಗೂ ಅರ್ಥವಾಗುತ್ತದೆ, ಎರಡನೆಯದನ್ನು ಮಾತ್ರ ಎಷ್ಟು ಹೇಳಿದರೂ ಜನ ನಂಬುವುದಿಲ್ಲ. ತಂಪು ಒಳ್ಳೆಯದಾದರೆ ಇನ್ನೂ ತಂಪು ಇನ್ನೂ ಒಳ್ಳೆಯದಲ್ಲವೇ ಎನ್ನುತ್ತಾರೆ. "ಬಾವಿಯ ನೀರಿನ ಹಾಗೆ ಇರ್ಬೇಕು, ಕಲ್ಲು ಆಗ್ಬಾರ್ದು" ಎಂದು ನಾನು ಸೇರಿದ ದಿನವೇ ಮೇಡಂ ನನಗೆ ಹೇಳಿಕೊಟ್ಟಿದ್ದರು.

ಪ್ರತಿ ಸೀಸೆಗೆ ಒಂದು ಫಾರಂ ಇರುತ್ತಿತ್ತು. ಹಳ್ಳಿಯ ನರ್ಸುಗಳಿಗೂ ತುಂಬಲು ಸುಲಭವಾಗಲಿ ಎಂದು ಅದನ್ನು ಕನ್ನಡದಲ್ಲಿ ಸೈಕ್ಲೋಸ್ಟೈಲ್ ಮಾಡಿಸಿದ್ದರು. ಮೇಲೆ ಮಗುವಿನ ವಿವರ, ನಡುವೆ "ಸ್ಥಿತಿ" ಎಂದು ಒಂದು ಸಾಲು, ಕೆಳಗೆ ಫಲಿತಾಂಶ. ಪರೀಕ್ಷೆ ಮುಗಿದ ಮೇಲೆ ಅದೇ ಫಾರಂನ ಕೆಳಗೆ ಫಲಿತಾಂಶ ಬರೆದು, ಮೊಹರು ಒತ್ತಿ, ಒಂದು ಪ್ರತಿಯನ್ನು ಮನೆಯವರಿಗೆ ಕೊಡುತ್ತಿದ್ದೆವು. ಸ್ಥಿತಿ ಎಂದರೆ ಲ್ಯಾಬಿಗೆ ಬಂದಾಗ ಮಾದರಿ ಹೇಗಿತ್ತು ಎಂದು. ತಂಪು, ಬಿಸಿ, ಹೆಪ್ಪು, ಈ ಮೂರರಲ್ಲಿ ಒಂದನ್ನು ಅಲ್ಲಿ ಬರೆಯಬೇಕು. ಬಿಸಿ ಅಥವಾ ಹೆಪ್ಪು ಎಂದು ಬರೆದರೆ ಮಾದರಿಯನ್ನು ಎಸೆದು, ಮತ್ತೆ ಹೋಗಿ ಹೊಸದು ತರಬೇಕು. ಎರಡು ವರ್ಷಗಳಲ್ಲಿ ನನ್ನ ಫಾರಂಗಳಲ್ಲಿ ತಂಪು ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ನನ್ನ ದುಂಡು ಅಕ್ಷರವನ್ನೂ ಆ ತಂಪುಗಳ ಸಾಲನ್ನೂ ನೋಡಿ ನನಗೇ ಹೆಮ್ಮೆ. ಹೆಮ್ಮೆ ಅಲ್ಲ, ಕೊಬ್ಬು ಎಂದೇ ಹೇಳಬೇಕು.

ಐಸಿನದ್ದೇ ತಲೆನೋವು. ಬೆಳಿಗ್ಗೆ ಮಣಿಪಾಲದಿಂದ ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿಸಿಕೊಂಡು ಹೊರಟ ಐಸು ಮಧ್ಯಾಹ್ನಕ್ಕೆ ಅರ್ಧ ನೀರಾಗುತ್ತಿತ್ತು. ಪೆರ್ಡೂರಿನ ಕಡೆ ಹೋದ ದಿನ ಹೇಗೋ ಸುಧಾರಿಸುತ್ತಿದ್ದೆ. ಕಾಪು, ನಂದಿಕೂರು ಎಂದು ತಿರುಗಿದ ದಿನ ದಾರಿಯಲ್ಲಿ ಮತ್ತೆ ಐಸು ಬೇಕೇ ಬೇಕು. ಕಾಪುವಿನಲ್ಲಿ ಹೆದ್ದಾರಿಯ ಪಕ್ಕ ಒಬ್ಬ ಹಿರಿಯರ ಮೀನಿನ ಶೆಡ್ಡು ಇತ್ತು. ಮರದ ಪೆಟ್ಟಿಗೆಗಳಲ್ಲಿ ಬಂಗುಡೆ, ಬೂತಾಯಿ ತುಂಬಿಸಿ ಘಟ್ಟದ ಮೇಲಿನ ಊರುಗಳಿಗೆ ಕಳಿಸುತ್ತಿದ್ದರು. ಒಮ್ಮೆ ಕೇಳಿದೆ, ಕೊಟ್ಟರು. ಆಮೇಲೆ ನನ್ನ ಬಸ್ಸು ನಿಂತದ್ದು ಕಂಡರೆ ತಾವೇ ಎದ್ದು ಬಂದು ಫ್ಲಾಸ್ಕಿಗೆ ಕೈ ಚಾಚುತ್ತಿದ್ದರು. ಮಕ್ಕಳ ಕಾಯಿಲೆಯ ಕೆಲಸ ಎಂದು ಅವರಿಗೆ ಅದರ ಮೇಲೆ ಒಂದು ಗೌರವ. ಶೆಡ್ಡಿನ ವಾಸನೆ ಹಿಡಿದ ಆ ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಬಸ್ಸಿನ ಕಂಡಕ್ಟರ್, "ಅಕ್ಕಾ, ಇವತ್ತು ಎಂತ ಮೀನು?" ಎಂದು ಕೇಳುತ್ತಿದ್ದ. ನಾನು ಕಣ್ಣು ಕೆಂಪು ಮಾಡಿದಷ್ಟೂ ಅವನಿಗೆ ಖುಷಿ.

ಅದು ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ. ಆ ವಾರ ನಂದಿಕೂರಿನಿಂದ ನಾನು ತಂದ ಎರಡು ಮಾದರಿಗಳನ್ನು ಟ್ಯೂಬಿಗೆ ಹಾಕಿ ಆಗಿತ್ತು. ಕಾಪುವಿನ ನರ್ಸ್ ಒಂದು ಮನೆ ತೋರಿಸಿದರು, ರಸ್ತೆಯಿಂದ ಕಡಲಿನ ಕಡೆಗೆ ಇಳಿದರೆ ಸಿಗುವ ಬ್ಯಾರಿ ಮುಸ್ಲಿಮರ ಮನೆ. ಹೆಂಚಿನ ಹಳೆಯ ಮನೆಗೆ ತಾಗಿ ಹೊಸ ಕೋಣೆಯೊಂದು ಗೋಡೆಯ ಮಟ್ಟಕ್ಕೆ ಬಂದು ನಿಂತಿತ್ತು. ಮನೆಯ ಗಂಡಸು ಗಲ್ಫಿನಲ್ಲಿ. ಮನೆಯಲ್ಲಿದ್ದದ್ದು ಅವನ ತಾಯಿ, ಅವನ ಹೆಂಡತಿ, ಮತ್ತು ಅವನು ಇನ್ನೂ ಕಣ್ಣಿನಿಂದ ನೋಡಿರದ ಎಂಟು ತಿಂಗಳ ಗಂಡು ಮಗು. ಕಸೂತಿ ಬಟ್ಟೆ ಹೊದಿಸಿದ ಟೇಪ್‌ರೆಕಾರ್ಡರ್ ಒಂದು ಮೇಜಿನ ಮೇಲಿತ್ತು. ಮಗುವಿನ ನಗು, ಅಳು, ಹೊಸದಾಗಿ ಕಲಿತ "ಬಾ ಬಾ" ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸಿ, ಊರಿನಿಂದ ಗಲ್ಫಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಮಗ ತಂದೆಗೆ ಗೊತ್ತಿದ್ದದ್ದು ಸ್ವರದಿಂದ ಮಾತ್ರ.

ಮಗುವಿನ ಪಕ್ಕೆಗಳು ಉಸಿರಿಗೊಮ್ಮೆ ಒಳಗೆ ಹೋಗುತ್ತಿದ್ದವು. ನೋಡಿದ ಕೂಡಲೇ, "ಇವತ್ತೇ ಉಡುಪಿಗೆ ಕರ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿ, ನಾಳೆ ಅಂತ ಕೂರ್ಬೇಡಿ" ಎಂದೆ. ಕಾರಿಗೆ ಹೇಳಿ ಕಳಿಸಿದರು. ಕಾರು ಬರುವ ತನಕ ನನ್ನ ಕೆಲಸ ಮುಗಿಸಬೇಕು.

ತಾಯಿಗೆ ನನ್ನದೇ ವಯಸ್ಸು, ಇಪ್ಪತ್ತೈದರ ಆಚೀಚೆ. ಮಗುವನ್ನು ತೊಡೆಯ ಮೇಲೆ ಕೂರಿಸಿ, ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿಯಲು ಹೇಳಿದೆ. ನಾಲಿಗೆಯನ್ನು ಕೆಳಗೆ ಅದುಮಿ, ಹತ್ತಿ ಸುತ್ತಿದ ಕಡ್ಡಿಯನ್ನು ಗಂಟಲಿನ ಹಿಂಗೋಡೆಗೆ ಮುಟ್ಟಿಸಿ, ಒಂದು ಸುತ್ತು ತಿರುಗಿಸಿ ತೆಗೆಯಬೇಕು. ಮಕ್ಕಳು ಓಕರಿಸುತ್ತಾರೆ, ಕಿರುಚುತ್ತಾರೆ. ಎಷ್ಟೋ ತಾಯಂದಿರು ಆ ಕ್ಷಣಕ್ಕೆ ಕೈ ಸಡಿಲ ಬಿಟ್ಟು ನನ್ನಿಂದ ಬಯ್ಯಿಸಿಕೊಂಡಿದ್ದಾರೆ. ಇವಳು ಬಿಡಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಕದಲಲಿಲ್ಲ. ಕಡ್ಡಿಯ ತುದಿಯನ್ನು ಗುಲಾಬಿ ದ್ರವದ ಸೀಸೆಯೊಳಗೆ ಮುರಿದು ಹಾಕಿ, ಬಿರಡೆ ಒತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ಲಾಸ್ಕಿಗೆ ಇಳಿಸಿದೆ. ಅಷ್ಟು ಚೆಂದದ ಮಾದರಿ ನನಗೆ ಆ ವರ್ಷ ಬೇರೆ ಸಿಕ್ಕಿರಲಿಲ್ಲ.

ಅವಳ ಅತ್ತೆ ಬಾಗಿಲ ಪಡಿಗೆ ಒರಗಿ ನಿಂತಿದ್ದರು. "ಮೊನ್ನೆ ಸಂಜೆ ಇವಳು ಮಗುವಿಗೆ ಬೊಂಡದ ನೀರು ಕೊಟ್ಟಿದ್ದಾಳೆ" ಎಂದು ನನಗೆ ದೂರು ಹೇಳಿದರು. ಬೊಂಡ ಎಂದರೆ ನಮ್ಮ ಕಡೆ ಎಳನೀರು. "ಎಂಟು ತಿಂಗಳಿನ ಮಗುವಿಗೆ ಸಂಜೆ ಹೊತ್ತಿನಲ್ಲಿ ಬೊಂಡ ಯಾರಾದ್ರೂ ಕೊಡ್ತಾರಾ? ಎದೆಗೆ ತಂಪು ಹಿಡಿದಿದೆ."

"ಎರಡು ಚಮಚ" ಎಂದಳು ಸೊಸೆ, ತಲೆ ಎತ್ತದೆ. "ಬಾಯಿ ಒಣಗಿತ್ತು. ಆಗ್ಲೇ ಜ್ವರ ಇತ್ತು."

ನನಗೆ ಎಂದಿನ ಹಾಗೆ ಸಿಟ್ಟು ಬಂತು. "ಬೊಂಡದಿಂದ ಹೀಗೆಲ್ಲ ಆಗುವುದಿಲ್ಲ ಉಮ್ಮ. ಇದು ವೈರಸ್. ಒಂದು ನಮೂನೆಯ ಕ್ರಿಮಿ. ನಂದಿಕೂರಿನಲ್ಲೂ ಮಕ್ಕಳಿಗೆ ಇದೇ ಕಾಯಿಲೆ ಉಂಟು, ಅವರಿಗೆಲ್ಲ ಯಾರು ಬೊಂಡ ಕೊಟ್ಟದ್ದು?"

"ಅದು ಕಣ್ಣಿಗೆ ಕಾಣ್ತದಾ?"

"ಇಲ್ಲಿ ಕಾಣುವುದಿಲ್ಲ. ಮಣಿಪಾಲದಲ್ಲಿ ಗೊತ್ತಾಗ್ತದೆ. ಕಾಗದದಲ್ಲಿ ಬರೆದು ಬರ್ತದೆ. ನಾನೇ ತಂದು ನಿಮ್ಮೆಲ್ಲರ ಎದುರು ಓದ್ತೇನೆ, ಸರಿಯಾ?"

ನಾನು ಹೊರಟಾಗ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ತುದಿಯವರೆಗೆ ಬಂದಳು. "ಅಕ್ಕ, ಇವನ ಅಪ್ಪನಿಗೆ ನಾನು ಕ್ಯಾಸೆಟ್ಟಿನಲ್ಲಿ ಹೇಳ್ಬೇಕು. ಮಾಮಿ ಹೇಳುವುದಕ್ಕಿಂತ ಮೊದಲು ಹೇಳ್ಬೇಕು. ಖಂಡಿತ ಗೊತ್ತಾಗ್ತದೆ, ಅಲ್ವಾ?"

"ಖಂಡಿತ" ಎಂದೆ. ಲ್ಯಾಬಿನಲ್ಲಿ ಮೇಡಂ ಕೂಡ ಆ ಮಾತನ್ನು ಬಳಸುತ್ತಿರಲಿಲ್ಲ.

ಶೆಡ್ಡಿಗೆ ಬಂದಾಗ ನನ್ನ ತಲೆಯೆಲ್ಲ ಮರುದಿನದ ಮೇಲಿತ್ತು. ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿರಿಯರು ಫ್ಲಾಸ್ಕನ್ನು ತೆಗೆದುಕೊಂಡು ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತು ಯಾವ ಸೀರೆ ಉಡುವುದು ಎಂದು ಲೆಕ್ಕ ಹಾಕುತ್ತಿದ್ದೆ. ಹೊರಗೆ ಬಂದವರು ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸುತ್ತಾ ತುಳುವಿನಲ್ಲಿ, ಇವತ್ತು ಗಟ್ಟಿ ಮಾಡಿ ಕೊಟ್ಟಿದ್ದೇನೆ ಮಗಾ, ಮಣಿಪಾಲ ಅಲ್ಲ, ಆಗುಂಬೆ ಹತ್ತಿದರೂ ಕರಗುವುದಿಲ್ಲ ಎಂದರು. ನಾನು ನಕ್ಕೆ. ಗಟ್ಟಿ ಮಾಡುವುದು ಎಂದರೆ ಎಂತ ಎಂದು ಕೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ಉಡುಪಿಯಲ್ಲಿ ಬಸ್ಸು ಬದಲಿಸಿ, ಕಾದು, ಗುಡ್ಡ ಹತ್ತಿ ಲ್ಯಾಬು ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ಮುಚ್ಚಳ ತೆಗೆದೆ. ಐಸು ಹೆಚ್ಚು ಕಡಿಮೆ ಹಾಗೆಯೇ ಇತ್ತು. ಚೀಲವನ್ನು ಎತ್ತಲು ಕೈ ಹಾಕಿದೆ, ಬೆರಳು ಉರಿಯಿತು. ಹಿಂದಿನ ದಿನ ಗಾಜಿನ ಸ್ಲೈಡ್ ತಾಗಿ ಆದ ಸಣ್ಣ ಗಾಯ ಇತ್ತು ಅಲ್ಲಿ. ಬರೀ ಐಸಿನ ನೀರು ತಾಗಿದರೆ ಹಾಗೆ ಉರಿಯುವುದಿಲ್ಲ.

ಕರಾವಳಿಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟ ಹತ್ತುವ ಮೀನಿನ ಪೆಟ್ಟಿಗೆಗೆ ಐಸಿನ ಜೊತೆ ಒಂದು ಹಿಡಿ ಉಪ್ಪು ಹಾಕುತ್ತಾರೆ. ಉಪ್ಪು ಬಿದ್ದ ಐಸು ಬರೀ ಐಸಿಗಿಂತ ಎಷ್ಟೋ ಹೆಚ್ಚು ತಣ್ಣಗಾಗುತ್ತದೆ. ತನ್ನ ಒಳ್ಳೆಯ ಮೀನಿಗೆ ಏನು ಮಾಡುತ್ತಿದ್ದರೋ ಅದನ್ನೇ ಆ ಮನುಷ್ಯ ನನ್ನ ಸೀಸೆಗೂ ಮಾಡಿದ್ದರು. ಚೀಲ ಬಿಡಿಸಿ ನೋಡಿದೆ. ಗುಲಾಬಿ ದ್ರವ ಕಲ್ಲಾಗಿ, ಕಡ್ಡಿಯ ತುಂಡು ಅದರೊಳಗೆ ಸಿಕ್ಕಿಕೊಂಡು ನಿಂತಿತ್ತು.

ಏನು ಮಾಡಬೇಕು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಹೆಪ್ಪು ಎಂದು ಬರೆಯಬೇಕು. ಮಗು ಅಷ್ಟು ಹೊತ್ತಿಗೆ ಉಡುಪಿಯ ಆಸ್ಪತ್ರೆಯಲ್ಲಿ ಇರುತ್ತದೆ. ಗುಡ್ಡ ಇಳಿದು ಹೋಗಿ ಇನ್ನೊಂದು ಮಾದರಿ ತೆಗೆದು ಬರಲು ಹೆಚ್ಚೆಂದರೆ ಒಂದೂವರೆ ಗಂಟೆ. ಆದರೆ ಅಮ್ಮ, ಇವತ್ತು ಬೇಗ ಬಾ, ಮನೆ ಚೊಕ್ಕ ಮಾಡಲಿಕ್ಕುಂಟು ಎಂದು ಬೆಳಿಗ್ಗೆಯೇ ಎರಡು ಸಲ ಹೇಳಿದ್ದರು. ಅದೊಂದು ನೆವ. ನಿಜ ಹೇಳುವುದಾದರೆ, ಒಳಗಿನ ಕೋಣೆಯಲ್ಲಿ ಕೂತಿದ್ದ ಮೇಡಂ ಹತ್ತಿರ ಹೋಗಿ, ನನ್ನ ಮಾದರಿ ಹೆಪ್ಪುಗಟ್ಟಿದೆ ಎಂದು ಹೇಳಲು ನನ್ನ ಬಾಯಿ ಏಳಲಿಲ್ಲ. ಅದೇ ವಾರ ಅದೇ ತಪ್ಪಿಗೆ ನಾನು ಇನ್ನೊಬ್ಬಳಿಗೆ ಎಲ್ಲರ ಎದುರು ಬಯ್ದು ಅಳಿಸಿದ್ದೆ.

ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಕಲ್ಲು ಕರಗಿ ಮತ್ತೆ ಗುಲಾಬಿ ನೀರಾಯಿತು. ಆಮೇಲೆ ಫಾರಂ ತೆಗೆದು, ಸ್ಥಿತಿ ಎಂದಿದ್ದ ಕಡೆ, ನನ್ನ ದುಂಡು ಅಕ್ಷರದಲ್ಲಿ ತಂಪು ಎಂದು ಬರೆದೆ. ಬರೆಯುವ ಹೊತ್ತಿಗೆ ಅದು ತಂಪಾಗಿಯೇ ಇತ್ತಲ್ಲ, ಇದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲ ವೈರಸ್ಸೂ ಸತ್ತಿರಲಿಕ್ಕಿಲ್ಲ, ಒಂದೆರಡಾದರೂ ಉಳಿದಿರಬಹುದು ಎಂದೂ ಅಂದುಕೊಂಡೆ. ನನಗೆ ಆಗ ನಾಚಿಕೆಯಾಗಲಿಲ್ಲ ಎಂಬುದೇ ಇವತ್ತಿನ ನಾಚಿಕೆ.

ಭಾನುವಾರ ಗಂಡಿನ ಕಡೆಯವರು ಬಂದರು, ಶಿರಾ ತಿಂದರು, ಕಾಫಿ ಕುಡಿದರು. ಹುಡುಗಿಯ ಮಾತು ಸ್ವಲ್ಪ ಜೋರು ಎಂದು ಆಮೇಲೆ ಹೇಳಿ ಕಳಿಸಿದರು. ಸೋಮವಾರ ಲ್ಯಾಬಿಗೆ ಬಂದರೆ ಕಾಪುವಿನ ನರ್ಸ್ ಫೋನ್ ಮಾಡಿ ತಿಳಿಸಿದ್ದರು. ಭಾನುವಾರ ಮಧ್ಯಾಹ್ನದ ಮೇಲೆ ಮಗು ತೀರಿಕೊಂಡಿತ್ತು. ನಾನು ಶಿರಾದ ತಟ್ಟೆ ಹಿಡಿದುಕೊಂಡು ಜಗಲಿಗೆ ಬಂದದ್ದೂ ಅದೇ ಹೊತ್ತು.

ನನ್ನ ಸೀಸೆ ಸರಿಯಿದ್ದಿದ್ದರೂ ಮಗು ಉಳಿಯುತ್ತಿರಲಿಲ್ಲ. ಫಲಿತಾಂಶ ಬರಲು ವಾರ ಬೇಕು, ಬಂದರೂ ಆ ಕಾಯಿಲೆಗೆ ಆಗ ಬೇರೆ ಮದ್ದು ಇರಲಿಲ್ಲ. ಇದನ್ನು ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಅದು ನಿಜ ಕೂಡ. ಆದರೆ ಆ ತಾಯಿ ನನ್ನಿಂದ ಕೇಳಿದ್ದು ಮಗುವಿನ ಪ್ರಾಣವನ್ನಲ್ಲ. ಏನಾಗಿತ್ತು ಎಂಬ ಒಂದು ಮಾತನ್ನು ಕೇಳಿದ್ದಳು. ಅದನ್ನು ತರುವುದೊಂದೇ ನನ್ನ ಕೆಲಸವಾಗಿತ್ತು.

ದಿನಾ ಬೆಳಿಗ್ಗೆ ಮೊದಲು ಹೋಗಿ ಆ ಟ್ಯೂಬು ನೋಡುತ್ತಿದ್ದೆ. ಪಕ್ಕದಲ್ಲೇ ಇದ್ದ ನಂದಿಕೂರಿನ ಎರಡು ಟ್ಯೂಬುಗಳಲ್ಲಿ ಕೋಶಗಳು ಅಂಟಿಕೊಂಡು ಉಬ್ಬಿದವು, ಮೇಡಂ ಕಾಫಿ ತರಿಸಿದರು. ಕಾಪುವಿನ ಟ್ಯೂಬಿನಲ್ಲಿ ಪದರ ಹಾಗೆಯೇ ಇತ್ತು. ಎರಡು ವಾರ ಕಾದ ಮೇಲೆ ಮೇಡಂ ಫಾರಂನ ಕೆಳಗೆ "ವೈರಸ್ ಕಂಡುಬಂದಿಲ್ಲ" ಎಂದು ಬರೆದರು. "ಆಶ್ಚರ್ಯ ಮಾರಾಯ್ತಿ" ಎಂದರು ನನಗೆ. "ಅದೇ ಕಡೆಯ ಮಗು, ಅದೇ ಲಕ್ಷಣ. ಬೇರೆ ಯಾರಾದರೂ ತಂದದ್ದಾದರೆ ದಾರಿಯಲ್ಲಿ ಹಾಳಾಗಿದೆ ಅಂತ ಹೇಳ್ತಿದ್ದೆ. ನಿನ್ನದು ಹಾಗೆ ಆಗುವುದಿಲ್ಲ." ನಾನು ಟ್ಯೂಬುಗಳನ್ನು ತೊಳೆಯಲು ತೆಗೆದುಕೊಂಡು ಹೋದೆ.

ಕಾಗದವನ್ನು ನಾನೇ ಒಯ್ದೆ. ಮಾತು ಕೊಟ್ಟಿದ್ದೆನಲ್ಲ. ಅತ್ತೆ ಚಾಪೆ ಹಾಸಿ ಕೂರಿಸಿದರು. ಪಕ್ಕದ ಮನೆಯ ಹೆಂಗಸರೂ ಬಂದು ಬಾಗಿಲ ಹತ್ತಿರ ನಿಂತರು. ಎಲ್ಲರ ಎದುರು ಓದುತ್ತೇನೆ ಎಂದವಳು ಎಲ್ಲರ ಎದುರು ಓದಿದೆ: ವೈರಸ್ ಕಂಡುಬಂದಿಲ್ಲ.

"ಹಾಗಂದ್ರೆ ಎಂತದೂ ಇರಲಿಲ್ಲ ಅಂತ, ಅಲ್ವಾ?" ಎಂದರು ಅತ್ತೆ.

"ಇರಲಿಲ್ಲ ಅಂತ ಅಲ್ಲ ಉಮ್ಮ. ಸಿಗಲಿಲ್ಲ ಅಂತ. ಕೆಲವು ಸಲ ಸಿಗುವುದಿಲ್ಲ."

ಸೊಸೆ ಕೈ ಚಾಚಿದಳು, ಕಾಗದ ಕೊಟ್ಟೆ. ಅವಳು ಐದನೆಯ ಕ್ಲಾಸಿನವರೆಗೆ ಕನ್ನಡ ಕಲಿತವಳು. ಬೆರಳಿಟ್ಟು ಮೇಲಿನಿಂದ ಓದುತ್ತಾ ಬಂದಳು. ಮಗುವಿನ ವಿವರ, ಊರು, ವಯಸ್ಸು. ನಡುವೆ ಒಂದು ಕಡೆ ಬೆರಳು ನಿಂತಿತು. ಮೇಡಂ ಅವರ ಅಕ್ಷರ ಡಾಕ್ಟರ ಅಕ್ಷರ, ಓದಲು ಕಷ್ಟ. ನನ್ನದು ಪಾಠಪುಸ್ತಕದ ಹಾಗೆ.

"ಸ್ಥಿತಿ" ಎಂದು ಓದಿದಳು. "ತಂಪು."

ಅತ್ತೆಯ ಮುಖದಲ್ಲಿ ಗೆದ್ದ ಭಾವ ಏನೂ ಇರಲಿಲ್ಲ, ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಮಣಿಪಾಲದಿಂದಲೂ ಅದೇ ಬರೆದು ಬಂತು" ಎಂದರು ಬಾಗಿಲಿನ ಹೆಂಗಸರಿಗೆ.

"ಅಲ್ಲ, ಅಲ್ಲ, ಅದು ಮಗುವಿನ ಸ್ಥಿತಿ ಅಲ್ಲ, ಸೀಸೆಯದ್ದು" ಎಂದು ನಾನು ಗಡಬಡಿಸಿ ಹೇಳಿದೆ. "ನಾವು ಸೀಸೆಯನ್ನು ತಂಪಾಗಿ ಇಟ್ಟುಕೊಂಡು ಹೋಗ್ಬೇಕು. ಸರಿಯಾಗಿ ತಂಪಾಗಿತ್ತು ಅಂತ ಬರೆದದ್ದು."

"ಸರಿಯಾಗಿ ಇತ್ತಾ ಹಾಗಾದ್ರೆ?" ಎಂದು ಸೊಸೆ ಕೇಳಿದಳು. "ಸರಿಯಾಗಿ ಇದ್ರೂ ಸಿಗಲಿಲ್ವಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ, ಸರಿಯಾಗಿ ಇರಲಿಲ್ಲ, ಹೆಪ್ಪುಗಟ್ಟಿತ್ತು, ನಾನು ಸುಳ್ಳು ಬರೆದೆ, ಈ ಕಾಗದಕ್ಕೆ ಏನೂ ಅರ್ಥ ಇಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಬಸ್ಸು ಹತ್ತಿ ಮಣಿಪಾಲಕ್ಕೆ ಬರುತ್ತದೆ, ಮೇಡಂ ಕಿವಿಗೆ ಬೀಳುತ್ತದೆ ಎಂದು ಹೆದರಿದೆ.

"ಹೌದು, ಸರಿಯಾಗಿ ಇತ್ತು" ಎಂದೆ.

ಅವಳು ಕಾಗದವನ್ನು ನಾಲ್ಕಾಗಿ ಮಡಚಿದಳು. ಅತ್ತೆ ಟೇಪ್‌ರೆಕಾರ್ಡರಿನ ಮೇಲಿನ ಬಟ್ಟೆಯನ್ನು ಸರಿಮಾಡುತ್ತಾ, ಮಗನಿಗೆ ಹೇಳಬೇಕು, ಇನ್ನು ಎಷ್ಟು ದಿನ ಮುಚ್ಚಿಡುವುದು ಎಂದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಆ ಶೆಡ್ಡಿಗೆ ನಾನು ಮತ್ತೆ ಹೋಗಲಿಲ್ಲ. ಉಪ್ಪು ಹಾಕಬೇಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಅದನ್ನೂ ಹೇಳಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ಬಸ್ಸು ಹತ್ತುತ್ತಿದ್ದೆ. ಒಮ್ಮೆ ಅವರು ಅಲ್ಲಿಂದಲೇ, ಈಗ ಐಸು ಬೇಡವಾ ಮಗಾ ಎಂದು ಕೂಗಿ ಕೇಳಿದರು. ಬೇಡ ಎಂದು ಕೈ ಆಡಿಸಿದೆ. ತನ್ನಿಂದ ಏನು ತಪ್ಪಾಯಿತು ಎಂದು ಆ ಮನುಷ್ಯ ಎಷ್ಟು ಯೋಚಿಸಿದರೋ ಏನೋ. ಅವರಿಗೆ ನಾನು ಮಾಡಿದ್ದು ಕೂಡ ಅನ್ಯಾಯವೇ.

ಏಳೆಂಟು ವರ್ಷ ಕಳೆಯಿತು. ನನಗೆ ಮದುವೆಯಾಯಿತು, ಮಾತು ಜೋರಾದರೂ ಪರವಾಗಿಲ್ಲ ಎಂದವರು ಸಿಕ್ಕಿದರು. ಮೇಡಂ ನಿವೃತ್ತರಾಗಿ ಊರಿಗೆ ಹೋದರು. ಹೋಗುವಾಗ ಹೊಸಬರಿಗೆಲ್ಲ ನನ್ನನ್ನು ತೋರಿಸಿ, ಮಾದರಿ ತರುವುದನ್ನು ಇವಳಿಂದ ಕಲಿಯಿರಿ ಎಂದರು. ಅವತ್ತು ಹೇಳಬಹುದಿತ್ತು. ಅವತ್ತೂ ಹೇಳಲಿಲ್ಲ. ನನ್ನ ಕೋಪ ಮಾತ್ರ ಇಳಿದಿತ್ತು. ಯಾರಾದರೂ ಬಂದು ಅಳುಮುಖ ಮಾಡಿಕೊಂಡು, ಹೆಪ್ಪುಗಟ್ಟಿದೆ ಎಂದರೆ, ಬರೆದುಬಿಡು, ಮತ್ತೆ ಹೋಗಿ ತಾ ಎನ್ನುತ್ತಿದ್ದೆ. ಒಳ್ಳೆಯವಳಾಗಿಬಿಟ್ಟಿದ್ದಾಳೆ ಎಂದು ಅವರು ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ದಿನ ಲಸಿಕೆಯ ಕೆಲಸಕ್ಕೆ ಕಾಪುವಿಗೆ ಹೋದಾಗ, ಕೆಲಸ ಮುಗಿಸಿ ಆ ಮನೆಯ ದಾರಿ ಹಿಡಿದೆ. ಅರ್ಧಕ್ಕೆ ನಿಂತಿದ್ದ ಕೋಣೆಗೆ ಈಗ ತಾರಸಿ ಬಂದಿತ್ತು. ಅವಳು ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಳು. ನೋಡಿದ ಕೂಡಲೇ ಗುರುತು ಹಿಡಿದಳು. "ಮಣಿಪಾಲದ ಅಕ್ಕ ಅಲ್ವಾ? ಬನ್ನಿ, ಬನ್ನಿ." ಗಂಡ ಗಲ್ಫ್ ಬಿಟ್ಟು ಬಂದು ಪಡುಬಿದ್ರಿಯಲ್ಲಿ ಅಂಗಡಿ ಇಟ್ಟಿದ್ದಾನೆ, ಅತ್ತೆ ಹಿಂದಿನ ವರ್ಷ ತೀರಿಕೊಂಡರು, ಐದು ವರ್ಷದ ಮಗಳಿದ್ದಾಳೆ ಎಂದೆಲ್ಲ ಹೇಳುತ್ತಾ, ಬಂದವರಿಗೆ ಕೊಡುವ ಹಾಗೆ ನನಗೂ ಒಂದು ಬೊಂಡ ಕೆತ್ತಿ, ಗ್ಲಾಸಿಗೆ ಬಗ್ಗಿಸಿ ಕೊಟ್ಟಳು. ಗ್ಲಾಸು ತುಂಬಿ, ಬೊಂಡದಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು.

ನಾನು ಗ್ಲಾಸನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಉಪ್ಪು, ಕಲ್ಲಾದ ಸೀಸೆ, ಮುಷ್ಟಿಯಲ್ಲಿ ಕರಗಿಸಿದ್ದು, ಬರೆದದ್ದು.

"ತಂಪು ಅಂತ ಬರೆದದ್ದು ಸುಳ್ಳಾ?" ಎಂದು ಕೊನೆಗೆ ಕೇಳಿದಳು.

"ಸುಳ್ಳು."

"ಬರೆದದ್ದು ನೀವೇ?"

"ನಾನೇ."

"ಮಾಮಿ ನನ್ನನ್ನು ಬಯ್ಯಲಿಲ್ಲ ಅಕ್ಕ" ಎಂದಳು. "ಒಂದು ದಿನವೂ ಇಲ್ಲ. ನಾನು ಮಾಡಿದ್ದನ್ನೇ ಊಟ ಮಾಡಿದ್ದು, ನನ್ನ ಕೈಯಲ್ಲೇ ನೀರು ಕುಡಿದು ಹೋದದ್ದು. ಆದ್ರೆ ಮಗಳು ಹುಟ್ಟಿದ ಮೇಲೆ ಅವಳನ್ನು ನನ್ನ ಕೈಗೆ ಬಿಡಲಿಲ್ಲ. ಹಾಲು ಕುಡಿಸ್ಲಿಕ್ಕೆ ಕೊಡ್ತಿದ್ದರು, ಕುಡಿಸಿ ಆದ ಕೂಡಲೇ ತೆಗೊಳ್ತಿದ್ದರು. ಅವಳಪ್ಪನೂ ಸುಮ್ಮನೆ ನೋಡ್ತಿದ್ರು. ನೀವು ಮಾಮಿ ಇರುವಾಗ ಬರ್ಬೇಕಿತ್ತು, ಅಕ್ಕ."

"ಹೌದು, ಬರ್ಬೇಕಿತ್ತು" ಎಂದೆ.

"ಮತ್ತೆ ಅವನಿಗೆ ಆದದ್ದು ಎಂತ?" ಎಂದಳು.

"ಗೊತ್ತಿಲ್ಲ. ವೈರಸ್ಸೇ ಅಂತ ನನಗೆ ಅನ್ನಿಸ್ತದೆ. ಆದ್ರೆ ತೋರಿಸ್ಲಿಕ್ಕೆ ಏನೂ ಉಳಿದಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ."

"ಬೊಂಡದಿಂದ ಅಲ್ಲ ಅಂತ ಗೊತ್ತುಂಟಾ?"

"ಅದು ಗೊತ್ತುಂಟು. ಅದು ಖಂಡಿತ."

ಮಗಳು ಒಳಗಿನಿಂದ ಬಂದು ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣು ನನ್ನ ಗ್ಲಾಸಿನ ಮೇಲಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ಬೊಂಡದಲ್ಲಿ ಉಳಿದಿದ್ದ ನೀರನ್ನು ತೋರಿಸಿ, "ಅವಳಿಗೂ ಸ್ವಲ್ಪ ಕೊಡಿ" ಎಂದೆ.

ತಾಯಿ ಬೊಂಡವನ್ನು ಕೈಗೆ ತೆಗೆದುಕೊಂಡಳು. ಮಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವಳಿಗೆ ಕೊಡುವ ಮನಸ್ಸಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಎದ್ದು, ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು.

"ಅವತ್ತೂ ನೀವು ಖಂಡಿತ ಅಂತಲೇ ಹೇಳಿದ್ದಿರಿ, ಅಲ್ವಾ ಅಕ್ಕ" ಎಂದಳು. ಸ್ವರದಲ್ಲಿ ಕೋಪ ಇರಲಿಲ್ಲ. ಒಳಗೆ ಹೋಗಿ ಮಗಳಿಗೆ ಒಂದು ಲೋಟ ಬಿಸಿನೀರು ತಂದು ಕೊಟ್ಟಳು.